ಆಕ್ಸಿಜನ್ ಚೇಂಬರ್‌ಗೆ ಒಯ್ದರೆ ಶಸ್ತ್ರಚಿಕಿತ್ಸೆ ತಪ್ಪುತ್ತದೆಯೇ?

ನರಗುಂದದ ಹೊಲದಲ್ಲಿ ಅಣ್ಣನ ಕಾಲು ರೋಟವೇಟರ್‌ಗೆ ಸಿಕ್ಕಿತು, ಮೂರನೆಯ ದಿನ ಗ್ಯಾಸ್ ಗ್ಯಾಂಗ್ರೀನ್ (ಗಾಯದೊಳಗೆ ಗಾಳಿ ತುಂಬಿ ಸ್ನಾಯು ಸಾಯುವ ಸೋಂಕು) ಎಂದರು, ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಗೆ ಸಹಿ ಕೇಳುತ್ತಿದ್ದಾರೆ, ಅದರ ಬದಲು ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕ ಉಸಿರಾಡಿಸುವ ಬೆಂಗಳೂರಿನ ಆಕ್ಸಿಜನ್ ಚೇಂಬರ್‌ಗೆ ಒಯ್ಯಲೇ ಎಂದು ಕೇಳಿದ್ದೀರಿ. ಒಯ್ಯಬೇಡಿ. ಮೊದಲು ಸಹಿ ಹಾಕಿ ಬನ್ನಿ, ಉಳಿದದ್ದನ್ನು ಆಮೇಲೆ ಓದಿ.

ನಾನು ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸಾ ವಾರ್ಡಿನ ನರ್ಸ್ ಆಗಿದ್ದವಳು. ಹಾವೇರಿ ಕಡೆಯ ಒಬ್ಬ ಹುಡುಗನ ಮೀನಖಂಡದ ಗಾಯವನ್ನು ಊರಿನಲ್ಲಿ ಮಣ್ಣು ಪೂರ್ತಿ ತೊಳೆಯದೆ ಬಿಗಿಯಾಗಿ ಹೊಲಿದಿದ್ದರು. ನಮ್ಮಲ್ಲಿಗೆ ಬಂದಾಗ ಚರ್ಮ ಕಂಚಿನ ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ಒತ್ತಿದರೆ ಚುರುಮುರಿ ಚೀಲ ಅದುಮಿದ ಹಾಗೆ ಒಳಗೆ ಗಾಳಿ ಚರಗುಟ್ಟುತ್ತಿತ್ತು. ದೊಡ್ಡಪ್ಪ ಬಂದು ಹೇಳಲಿ ಎಂದು ಮನೆಯವರು ಒಂದು ರಾತ್ರಿ ಕಾದರು. ಸಂಜೆ ಮೊಣಕಾಲಿನ ಕೆಳಗಿದ್ದ ಊತ ಬೆಳಗಾಗುವಷ್ಟರಲ್ಲಿ ತೊಡೆಗೆ ಏರಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಆ ತಾಯಿಯ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಈ ರೋಗ ತರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಬೀಜಾಣುವಾಗಿ ಮಲಗಿರುತ್ತದೆ. ಜಜ್ಜಿಹೋಗಿ ರಕ್ತ ಹರಿಯದ, ಆಮ್ಲಜನಕ ತಲುಪದ ಸ್ನಾಯು ಸಿಕ್ಕರೆ ಎಚ್ಚೆತ್ತು ವಿಷ ಉಗುಳುತ್ತದೆ. ಆ ವಿಷ ಪಕ್ಕದ ಒಳ್ಳೆಯ ಸ್ನಾಯುವನ್ನೂ ಸಾಯಿಸುತ್ತದೆ. ಪೆನಿಸಿಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಕ್ಲಿಂಡಾಮೈಸಿನ್ ವಿಷದ ತಯಾರಿಕೆಯನ್ನೇ ತಡೆಯುತ್ತದೆ. ಎರಡನ್ನೂ ಕೂಡಿಸಿ ಕೊಡುವುದು ಅದಕ್ಕೇ. ಆದರೆ ಔಷಧಿ ಹೋಗುವುದು ರಕ್ತದ ಜೊತೆ. ಸತ್ತ ಸ್ನಾಯುವಿಗೆ ರಕ್ತವೇ ಹೋಗುವುದಿಲ್ಲ. ಅದನ್ನು ಕತ್ತರಿಸಿ ತೆಗೆಯದೆ ಬೇರೆ ದಾರಿಯಿಲ್ಲ. ಬೇಗ ಮಾಡಿದಷ್ಟೂ ಕೆಟ್ಟ ಭಾಗವನ್ನು ಮಾತ್ರ ತೆಗೆದು ಕಾಲನ್ನು ಉಳಿಸುವ ಅವಕಾಶ ಹೆಚ್ಚು. (ಧನುರ್ವಾಯು ಚುಚ್ಚುಮದ್ದು ಹಾಕಿಸಿದ್ದೆವಲ್ಲ ಎಂದು ಹಲವರು ಕೇಳುತ್ತಾರೆ. ಅದು ಇದನ್ನು ತಡೆಯುವುದಿಲ್ಲ.)

ಚೇಂಬರ್ ಸುಳ್ಳಲ್ಲ. ವಾತಾವರಣದ ಸುಮಾರು ಮೂರು ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಒಂದೂವರೆ ಗಂಟೆ ಉಸಿರಾಡಿಸಿದರೆ ಅದು ರಕ್ತದ ದ್ರವದಲ್ಲಿಯೇ ಕರಗಿ, ಇನ್ನೂ ಜೀವ ಹಿಡಿದುಕೊಂಡಿರುವ ಸ್ನಾಯುವಿನ ಅಂಚಿನವರೆಗೆ ತಲುಪುತ್ತದೆ, ವಿಷದ ತಯಾರಿಕೆಯನ್ನು ತಗ್ಗಿಸುತ್ತದೆ. ವಾರ್ಡಿನ ಮಾಸ್ಕ್‌ನಿಂದ ಅಷ್ಟು ಆಗುವುದಿಲ್ಲ. ಆದರೆ ಆಗಲೇ ಸತ್ತದ್ದನ್ನು ಯಾವ ಆಮ್ಲಜನಕವೂ ಬದುಕಿಸುವುದಿಲ್ಲ. ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಆಂಬ್ಯುಲೆನ್ಸ್ ರಾಣೇಬೆನ್ನೂರು, ದಾವಣಗೆರೆ ದಾಟುವ ಹೊತ್ತಿಗೆ ಊತ ಎಲ್ಲಿಗೆ ಏರಿರುತ್ತದೆಯೋ ಯೋಚಿಸಿ.

ನಾಳೆ ಗಾಯವನ್ನು ಮತ್ತೆ ತೆರೆದು ನೋಡುತ್ತೇವೆ ಎಂದರೆ ಗಾಬರಿಯಾಗಬೇಡಿ, ಈ ರೋಗದಲ್ಲಿ ಹಾಗೆ ಮಾಡಲೇಬೇಕಾಗುತ್ತದೆ. ಅಣ್ಣನ ರಕ್ತದೊತ್ತಡ ಸ್ಥಿರವಾದ ಮೇಲೆ ಚೇಂಬರ್ ವಿಷಯವನ್ನು ಅದೇ ಸರ್ಜನ್ ಬಳಿ ಕೇಳಿ.