ಜನವರಿ 1 ಅಲ್ಲ, ಜೂನ್ 19 ಏಕೆ?

ಲಿಂಕನ್ನರ ವಿಮೋಚನಾ ಘೋಷಣೆ 1863ರ ಜನವರಿ 1ರಂದೇ ಹೊರಬಿದ್ದಿರುವಾಗ ಅಮೆರಿಕದಲ್ಲಿ ಗುಲಾಮಗಿರಿಯ ಅಂತ್ಯವನ್ನು ಜೂನ್ 19ರಂದು ಏಕೆ ಆಚರಿಸುತ್ತಾರೆ ಎಂದು ತಾವು ಕೇಳಿದ್ದೀರಿ. ಸುದ್ದಿ ತಡವಾಗಿ ತಲುಪಿತು ಎಂಬ ಪ್ರಚಲಿತ ವಿವರಣೆ ನನಗೆ ಅಪೂರ್ಣವೆನಿಸುತ್ತದೆ. ಆ ಘೋಷಣೆ ಅಂತರ್ಯುದ್ಧದಲ್ಲಿ ಬಂಡೆದ್ದ ದಕ್ಷಿಣದ ಪ್ರದೇಶಗಳಿಗಷ್ಟೇ ಅನ್ವಯಿಸುತ್ತಿತ್ತು. ಒಕ್ಕೂಟದ, ಅಂದರೆ ಲಿಂಕನ್ನರ ಸರ್ಕಾರದ, ಸೈನ್ಯ ಕಾಲಿಡದ ಕಡೆ ಅದನ್ನು ಜಾರಿಗೊಳಿಸುವವರೇ ಇರಲಿಲ್ಲ. ಯುದ್ಧಭೂಮಿಯಿಂದ ದೂರವಿದ್ದ ಟೆಕ್ಸಾಸಿಗೆ ಎಷ್ಟೋ ಮಾಲೀಕರು ತಮ್ಮ ಗುಲಾಮರನ್ನು ಸಾಗಿಸಿಕೊಂಡು ಹೋಗಿದ್ದರು. ಅಲ್ಲಿ ಸುಮಾರು ಎರಡೂವರೆ ಲಕ್ಷ ಜನ ಇನ್ನೂ ಬಂಧನದಲ್ಲಿದ್ದರು. 1865ರ ಜೂನ್ 19ರಂದು ಒಕ್ಕೂಟದ ಸೈನ್ಯದ ಜನರಲ್ ಗಾರ್ಡನ್ ಗ್ರೇಂಜರ್ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಹೊರಡಿಸಿದ 3ನೇ ಸಂಖ್ಯೆಯ ಆದೇಶ ಅವರೆಲ್ಲರೂ ಸ್ವತಂತ್ರರೆಂದು ಸಾರಿತು. ಅವರು ಇದ್ದಲ್ಲಿಯೇ ಇದ್ದು ಕೂಲಿಗೆ ದುಡಿಯಬೇಕೆಂದೂ ಅದೇ ಆದೇಶ ಸೂಚಿಸಿತ್ತೆಂಬುದನ್ನು ಹೆಚ್ಚಿನವರು ಹೇಳುವುದಿಲ್ಲ. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಡೆಲವೇರ್‌ಗಳಲ್ಲಂತೂ ಆ ಡಿಸೆಂಬರಿನಲ್ಲಿ ಸಂವಿಧಾನದ 13ನೇ ತಿದ್ದುಪಡಿಯಾಗುವವರೆಗೆ ಗುಲಾಮಗಿರಿ ಕಾನೂನುಬದ್ಧವಾಗಿಯೇ ಇತ್ತು.

ಮರುವರ್ಷದಿಂದಲೇ ಟೆಕ್ಸಾಸಿನ ಕಪ್ಪುಜನರು ಪ್ರಾರ್ಥನೆ, ಘೋಷಣೆಯ ವಾಚನ, ಸಾಮೂಹಿಕ ಭೋಜನಗಳೊಂದಿಗೆ ಈ ದಿನವನ್ನು ಆಚರಿಸತೊಡಗಿದರು. ಕಲ್ಲಂಗಡಿ, ಕೆಂಪು ಪಾನಕಗಳು ಇಂದಿಗೂ ಊಟದಲ್ಲಿರುತ್ತವೆ. ಹ್ಯೂಸ್ಟನ್ನಿನಲ್ಲಿ 1872ರಲ್ಲಿ ಅವರು ಹಣ ಕೂಡಿಸಿ ಇದಕ್ಕೆಂದೇ ಕೊಂಡ ಜಾಗ ಇಂದು ಎಮ್ಯಾನ್ಸಿಪೇಷನ್ ಪಾರ್ಕ್ ಎನಿಸಿಕೊಂಡಿದೆ. ಟೆಕ್ಸಾಸ್ 1980ರಿಂದ ರಜೆ ನೀಡುತ್ತಿದ್ದರೂ, ಇಡೀ ದೇಶದ ಮಟ್ಟದಲ್ಲಿ ಅದು ರಜಾದಿನವಾದದ್ದು 2021ರಲ್ಲಿ.