ಪ್ರತಿಕ್ರಿಯೆ: ‘ಮದುಮಗಳು’ ನೂರು ಪುಟಕ್ಕೇ ನಿಂತಿತು, ಮುಂದೆ ಯಾವುದನ್ನು ಓದಲಿ?

ಓದು ನೂರು ಪುಟಕ್ಕೇ ನಿಂತದ್ದಕ್ಕೆ ನಿಮ್ಮ ಸೋಮಾರಿತನ ಕಾರಣವಲ್ಲ; ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೇ ಆರಂಭಕ್ಕೆ ಆರಿಸಿಕೊಂಡದ್ದು ಕಾರಣವಿರಬೇಕು. ಒಬ್ಬ ನಾಯಕನ ಬೆನ್ನು ಹತ್ತಿ ಹೋಗುವ ಕಥೆ ಅದಲ್ಲ. ಗುತ್ತಿ ಮತ್ತು ಅವನ ನಾಯಿ ಹುಲಿಯನಿಂದ ಶುರುವಾಗಿ ಎಷ್ಟೋ ಮನೆಗಳಿಗೆ ಕವಲೊಡೆಯುತ್ತದೆ. ನಾನೂ ಎರಡು ಸಲ ಕೈಬಿಟ್ಟಿದ್ದೆ.

ಸದ್ಯ ಅದನ್ನು ಎತ್ತಿಡಿ. ಮೊದಲು ಕಾರಂತರ ‘ಚೋಮನ ದುಡಿ’ (1933) ಓದಿ; ರಜೆಯ ಒಂದೆರಡು ದಿನ ಸಾಕು. ಆಮೇಲೆ ಅನಂತಮೂರ್ತಿಯವರ ‘ಸಂಸ್ಕಾರ’ (1965). ವ್ಯಕ್ತಿತ್ವ ಬೆಳೆಯಲು ನೆರವಾಗುವಂಥದ್ದು ಬೇಕು ಎಂದಿದ್ದೀರಲ್ಲ, ನಿಮಗೆ ಇದೇ ಸರಿ. ಬ್ರಾಹ್ಮಣ್ಯದ ಕಟ್ಟಳೆಗಳನ್ನು ಮುರಿದು ಬದುಕಿ ಸತ್ತ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಅಗ್ರಹಾರವೆಲ್ಲ ಪಂಡಿತ ಪ್ರಾಣೇಶಾಚಾರ್ಯರ ಬಾಯಿ ನೋಡುತ್ತಿದೆ. ಅವರು ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಹುಡುಕಿಯೇ ಹುಡುಕುತ್ತಾರೆ, ಉತ್ತರ ಸಿಗುವುದಿಲ್ಲ. ಅಲ್ಲಿ ಪುಸ್ತಕ ಮುಚ್ಚಿ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ನಾಲ್ಕು ಸಾಲು ಬರೆದಿಡಿ. ಕಾದಂಬರಿ ಮುಗಿದ ಮೇಲೆ ತೆಗೆದು ನೋಡಿ. ಸಿಕ್ಕ ಸಿಕ್ಕ ಸಾಲಿಗೆಲ್ಲ ಗೆರೆ ಎಳೆಯುವುದಕ್ಕಿಂತ ನನಗೆ ಇದು ಹೆಚ್ಚು ಫಲ ಕೊಟ್ಟಿದೆ.

ಭೈರಪ್ಪನವರ ‘ಪರ್ವ’ ಈಗಲೇ ಓದಬಹುದೇ ಎಂಬುದನ್ನು ಖಚಿತವಾಗಿ ಹೇಳಲಾರೆ. ಮಹಾಭಾರತದ ಕಥೆ ನಿಮಗೆಷ್ಟು ಪರಿಚಯ ಎಂಬುದರ ಮೇಲೆ ಅದು ನಿಂತಿದೆ.

‘ಚೋಮನ ದುಡಿ’, ‘ಸಂಸ್ಕಾರ’ ಎರಡೂ ಮುಗಿದ ಮೇಲೆ ಮದುಮಗಳಿಗೆ ಮರಳಿ, ಮೊದಲ ಪುಟದಿಂದಲೇ. ಹಾಳೆಯೊಂದರಲ್ಲಿ ಹಳೆಮನೆ, ಬೆಟ್ಟಳ್ಳಿ, ಕೋಣೂರು ಎಂದು ಬರೆದುಕೊಂಡು, ಎದುರಾದ ಹೆಸರುಗಳನ್ನು ಆಯಾ ಮನೆಯ ಕೆಳಗೆ ಸೇರಿಸುತ್ತ ಹೋಗಿ.