ಮೂರು ಸಾವಿರ ಜಾಸ್ತಿಗೆ ಮ್ಯಾನೇಜರ್ ಆಗಲೇ?

ಪ್ರಶ್ನೆ: ಬಿ.ಕಾಂ. ಮುಗಿಸಿ ನಾಲ್ಕು ವರ್ಷದಿಂದ ದಾವಣಗೆರೆಯ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ರಿಸೆಪ್ಷನಿಸ್ಟ್ ಆಗಿದ್ದೇನೆ. ಈಗ ಡಾಕ್ಟರು ಚಿಕಿತ್ಸೆಗೆ ಎರಡನೇ ಚೇರ್ ಹಾಕಿಸಿದ್ದಾರೆ. ‘ಇನ್ಮೇಲೆ ನೀನೇ ಮ್ಯಾನೇಜರ್’ ಅಂದರು. ಸಂಬಳ ಮೂರು ಸಾವಿರ ಜಾಸ್ತಿ. ಆದರೆ ಏನು ಕೆಲಸ ಅಂತ ಕೇಳಿದರೆ ‘ಎಲ್ಲಾ ನೋಡ್ಕೋಬೇಕು ಅಷ್ಟೇ’ ಅನ್ನುತ್ತಾರೆ. ಒಪ್ಪಿಕೊಳ್ಳಲೇ?

ಉತ್ತರ: ಒಪ್ಪಿಕೊಳ್ಳಿ. ಆದರೆ ‘ಎಲ್ಲಾ’ ಅಂದರೆ ಏನು ಅಂತ ಮೊದಲು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ನೀರಿನ ಮೋಟರ್ ಕೆಟ್ಟರೂ ನೀವೇ, ಕಸ ಗುಡಿಸುವವರು ಬಾರದಿದ್ದರೂ ನೀವೇ. ಎರಡು ಡೆಂಟಲ್ ಕಾಲೇಜು ಇರುವ ಊರು ನಿಮ್ಮದು, ಬೀದಿಗೊಂದು ಕ್ಲಿನಿಕ್ ಇದೆ. ಕೆಲಸ ಕಲಿತ ಮ್ಯಾನೇಜರನ್ನು ಯಾರೂ ಸುಲಭಕ್ಕೆ ಬಿಡಲ್ಲ, ಧೈರ್ಯವಾಗಿ ಮಾತಾಡಿ.

ನಾನು ಹನ್ನೆರಡು ವರ್ಷ ಇದೇ ಕೆಲಸ ಮಾಡಿದವಳು. ನನ್ನ ಲೆಕ್ಕದಲ್ಲಿ ಮ್ಯಾನೇಜರ್ ಕೆಲಸದ ಅರ್ಧ ಭಾಗ ಇರುವುದು ದುಡ್ಡಿನ ಮಾತಿನಲ್ಲಿ, ಅದೂ ಬಾಯಿ ತೆಗೆಸುವ ಮೊದಲು ಆಡಬೇಕಾದ ಮಾತಿನಲ್ಲಿ. ಶುರುವಿನಲ್ಲಿ ಒಂದು ಸಲ ಫೋನ್‌ನಲ್ಲಿ ರೂಟ್ ಕೆನಾಲ್‌ಗೆ ಇಷ್ಟು ಅಂತ ಸುಮ್ನೆ ಹೇಳಿಬಿಟ್ಟೆ. ಆಮೇಲೆ ಹಲ್ಲಿನ ಮೇಲೆ ಕೂರಿಸುವ ಕ್ಯಾಪ್‌ಗೆ ಬೇರೆ ದುಡ್ಡು ಅಂತ ಹೇಳಲೇ ಇಲ್ಲ. ಮೂರನೇ ಸಿಟ್ಟಿಂಗ್ ದಿನ ಆ ಯಜಮಾನರು ಕೌಂಟರ್ ಮುಂದೆ ನಿಂತು, ಕಾಯುತ್ತಾ ಕೂತಿದ್ದ ಎಂಟು ಜನರ ಎದುರಿಗೆ ‘ಹಲ್ಲು ಅರ್ಧ ಕೊರೆದ ಮೇಲೆ ರೇಟು ಏರಿಸ್ತೀರಾ’ ಅಂತ ಕೂಗಾಡಿದರು. ತಪ್ಪು ಅವರದಲ್ಲ, ನನ್ನದೇ. ಅವತ್ತಿನಿಂದ ಒಂದು ಚೀಟಿ ಮಾಡಿದೆ: ಎಷ್ಟು ಸಲ ಬರಬೇಕು, ಎಕ್ಸ್‌ರೇ ಎಷ್ಟು, ಕ್ಯಾಪ್ ಲೋಹ-ಸೆರಾಮಿಕ್ ಆದರೆ ಎಷ್ಟು, ಜಿರ್ಕೋನಿಯಾ ಆದರೆ ಎಷ್ಟು, ಯಾವತ್ತು ಎಷ್ಟು ಕಟ್ಟಬೇಕು. ಡಾಕ್ಟರು ನೋಡಿ ಹೇಳಿದ ಮೇಲೆ ಅದನ್ನು ತುಂಬಿಸಿ, ಸಹಿ ಹಾಕಿಸಿ, ಒಂದು ಪ್ರತಿ ಅವರ ಕೈಗೆ. ನಮ್ಮಲ್ಲಿ ಸಾಮಾನ್ಯವಾದ ಆರೋಗ್ಯ ವಿಮೆ ಹಲ್ಲಿನ ಮಾಮೂಲಿ ಚಿಕಿತ್ಸೆಗೆ ದುಡ್ಡು ಕೊಡಲ್ಲ ಅಂತಲೂ ಆಗಲೇ ಹೇಳಿಬಿಡಿ, ಕಾರ್ಡ್ ಹಿಡಿದುಕೊಂಡು ಬರುವವರು ಜಾಸ್ತಿ.

ಮುಂದಿನದು ಲ್ಯಾಬ್ ಪುಸ್ತಕ, ಅಂದರೆ ಕ್ಯಾಪ್ ಮಾಡಿಕೊಡುವ ಲ್ಯಾಬಿನ ಲೆಕ್ಕ. ರೂಟ್ ಕೆನಾಲ್ ಮಾಡಿಸಿಕೊಂಡವರಿಗೆ ನೋವು ಹೋಯಿತು ಅಂದರೆ ಕ್ಲಿನಿಕ್ ದಾರಿಯೇ ಮರೆತುಹೋಗುತ್ತದೆ. ಆ ಹಲ್ಲು ಮೊದಲೇ ಹುಳುಕು ತಿಂದು, ಕೊರೆಸಿಕೊಂಡು ಟೊಳ್ಳಾಗಿರುತ್ತದೆ, ಕ್ಯಾಪ್ ಇಲ್ಲದೆ ನಿಪ್ಪಟ್ಟು ಕಡಿದರೆ ಸೀಳಿಹೋಗಬಹುದು. ಅಳತೆ ಲ್ಯಾಬಿಗೆ ಹೋಗಿ, ಕ್ಯಾಪ್ ತಯಾರಾಗಿ ಬಂದು ಡ್ರಾಯರ್‌ನಲ್ಲಿ ಕೂತಿರುತ್ತದೆ, ಲ್ಯಾಬಿನ ಬಿಲ್ಲಂತೂ ಕಟ್ಟಲೇಬೇಕು. ಯಾರ ಅಳತೆ ಯಾವತ್ತು ಹೋಯಿತು, ಯಾವತ್ತು ಬಂತು, ಯಾರಿಗೆ ಫೋನ್ ಮಾಡಿದಿರಿ, ಇಷ್ಟು ಬರೆದಿಟ್ಟರೆ ತಿಂಗಳ ಕೊನೆಗೆ ಡಾಕ್ಟರೇ ನಿಮಗೆ ಕಾಫಿ ತರಿಸುತ್ತಾರೆ.

ಎರಡು ಚೇರ್ ಅಂದಮೇಲೆ ಅಪಾಯಿಂಟ್‌ಮೆಂಟ್ ಪುಸ್ತಕವೂ ಬದಲಾಗಬೇಕು. ತಂತಿ ಹಾಕುವ ಡಾಕ್ಟರು ತಿಂಗಳಿಗೆ ಒಂದೋ ಎರಡೋ ದಿನ ಬರುತ್ತಾರೆ ಅಲ್ವಾ, ಆ ದಿನ ಮಕ್ಕಳು, ಅಪ್ಪ ಅಮ್ಮ, ಅಜ್ಜಿ ಎಲ್ಲರೂ ಸೇರಿ ಜಾತ್ರೆ. ಅವತ್ತು ರೂಟ್ ಕೆನಾಲ್ ಬರೆದುಕೊಳ್ಳಬೇಡಿ. ನೋವು ಅಂತ ಏಕಾಏಕಿ ಬರುವವರಿಗೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಖಾಲಿ ಬಿಡಿ. ಹಿಂದಿನ ಸಂಜೆ ಎಲ್ಲರಿಗೂ ಫೋನ್ ಮಾಡಿ. ವಾಟ್ಸ್ಆ್ಯಪ್ ಸಾಲದು, ನೀಲಿ ಟಿಕ್ ಬಂತು ಅಂದ ಮಾತ್ರಕ್ಕೆ ಮನುಷ್ಯ ಬರುತ್ತಾನೆ ಅಂತೇನಿಲ್ಲ.

ಕಾಗದಪತ್ರದ ಕೆಲಸ ಬೇಸರದ್ದು, ಆದರೆ ಇನ್‌ಸ್ಪೆಕ್ಷನ್‌ಗೆ ಬಂದವರು ಕೇಳುವುದು ಅದನ್ನೇ. ಕೆ.ಪಿ.ಎಂ.ಇ. (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ರಾಜ್ಯ ಕಾಯ್ದೆ) ನೋಂದಣಿ, ಗೋಡೆಯ ಮೇಲೆ ದರಪಟ್ಟಿ, ಎಕ್ಸ್‌ರೇ ಯಂತ್ರಕ್ಕೆ ಎ.ಇ.ಆರ್.ಬಿ. (ಅಣುಶಕ್ತಿ ನಿಯಂತ್ರಣ ಮಂಡಳಿ) ಪತ್ರ, ಕಸ ಒಯ್ಯುವವರ ರಸೀದಿ, ಎಲ್ಲ ಒಂದೇ ಫೈಲಿನಲ್ಲಿರಲಿ. ಆಸ್ಪತ್ರೆ ಕಸದ 2016ರ ನಿಯಮದಂತೆ ಸೂಜಿ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸ್ ಕೆಂಪಿಗೆ, 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಹೊಸದಾಗಿ ಬಂದ ಹುಡುಗಿ ಸೂಜಿಯನ್ನು ಚೀಲಕ್ಕೆ ಹಾಕಿದರೆ ಚುಚ್ಚುವುದು ಕಸ ಎತ್ತುವವರ ಕೈಗೆ.

ಇನ್ನೊಂದು ಗಟ್ಟಿ ಮಾತು. ಫೋನ್ ಮಾಡಿ ‘ಮೇಡಂ, ಯಾವ ಮಾತ್ರೆ ತಗೊಳ್ಲಿ’ ಅಂತ ಕೇಳುತ್ತಾರೆ. ನಾಲ್ಕು ವರ್ಷದಲ್ಲಿ ನಿಮಗೆ ಹೆಸರು ಬಾಯಿಪಾಠ ಆಗಿರುತ್ತದೆ, ಗೊತ್ತು. ಹೇಳಬೇಡಿ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಆಪರೇಷನ್, ರಕ್ತ ತೆಳುವಾಗಿಸುವ ಮಾತ್ರೆ, ಇವು ಇವೆಯಾ ಅಂತ ಕೇಳಿ ಬರೆದುಕೊಳ್ಳುವುದು ನಿಮ್ಮ ಕೆಲಸ. ಹಲ್ಲು ಕೀಳಿಸಲು ಆ ಮಾತ್ರೆ ನಿಲ್ಲಿಸಿ ಬನ್ನಿ ಅನ್ನುವುದು ನಿಮ್ಮ ಕೆಲಸ ಅಲ್ಲವೇ ಅಲ್ಲ.

ಇಷ್ಟೆಲ್ಲಾ ಕೆಲಸಕ್ಕೆ ಮೂರು ಸಾವಿರ ಕಡಿಮೆಯೇ. ಆರು ತಿಂಗಳು ಮಾಡಿ, ಲ್ಯಾಬ್ ಪುಸ್ತಕ ಎದುರಿಗೆ ಇಟ್ಟು ಮತ್ತೆ ಕೇಳಿ.

ಪ್ರಶ್ನೆ: ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಮ್ಯಾನೇಜರ್ ಆಗಿದ್ದೇನೆ. ತಿಂಗಳಿಗೆ ಇಷ್ಟು ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಹಾಕುವ ಹಲ್ಲು) ‘ಮಾಡಿಸಬೇಕು’ ಅಂತ ಮಾಲೀಕರು ಟಾರ್ಗೆಟ್ ಕೊಟ್ಟಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಯಾರಿಗೆ ಇಂಪ್ಲಾಂಟ್ ಬೇಕು ಅಂತ ತೀರ್ಮಾನಿಸುವುದು ನೀವಲ್ಲ, ಡಾಕ್ಟರು. ಡಾಕ್ಟರು ಹೇಳಿದ ಮೇಲೆ ಪಕ್ಕದ ಹಲ್ಲುಗಳಿಗೆ ಆನಿಸಿ ಕೂರಿಸುವ ಬ್ರಿಡ್ಜ್‌ಗೆ ಎಷ್ಟು, ತೆಗೆದು ಹಾಕುವ ಹಲ್ಲಿಗೆ ಎಷ್ಟು, ಇಂಪ್ಲಾಂಟ್‌ಗೆ ಎಷ್ಟು ಅಂತ ಮೂರನ್ನೂ ಹೇಳಿ. ಇಂಪ್ಲಾಂಟ್ ಮೂಳೆಗೆ ಕೂಡಿಕೊಳ್ಳಲು ಕೆಲವು ತಿಂಗಳು ಬೇಕಾಗುತ್ತದೆ ಅನ್ನುವುದನ್ನೂ ಮುಚ್ಚಿಡಬೇಡಿ. ಮಾಲೀಕರಿಗೆ ಬೇರೆ ಟಾರ್ಗೆಟ್ ಕೇಳಿ: ತಪ್ಪಿಸಿಕೊಂಡ ಅಪಾಯಿಂಟ್‌ಮೆಂಟ್ ಎಷ್ಟು ಕಡಿಮೆಯಾಯಿತು, ಅರ್ಧಕ್ಕೆ ಬಿಟ್ಟವರು ಎಷ್ಟು ಜನ ವಾಪಸ್ ಬಂದರು. ಅದಕ್ಕೂ ಒಪ್ಪದಿದ್ದರೆ ಬಯೋಡೇಟಾ ಸರಿ ಮಾಡಿಕೊಳ್ಳಿ.

ಪ್ರಶ್ನೆ: ಅಮಾವಾಸ್ಯೆ ದಿನ ಹಲ್ಲು ಕೀಳಿಸಲು ಯಾರೂ ಬರಲ್ಲ. ಚೇರ್ ಖಾಲಿ. ಏನು ಮಾಡಲಿ?

ಉತ್ತರ: ಜಗಳ ಆಡಬೇಡಿ, ಕ್ಯಾಲೆಂಡರ್ ನೋಡಿ ಮೊದಲೇ ಯೋಜನೆ ಮಾಡಿ. ನನ್ನ ಕಾಲದಲ್ಲಿ ಆಟೋಕ್ಲೇವ್ (ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರ) ಸರ್ವಿಸ್‌ಗೆ ಹುಡುಗನನ್ನು ಕರೆಸುತ್ತಿದ್ದದ್ದೂ, ಸ್ಟಾಕ್ ಎಣಿಸುತ್ತಿದ್ದದ್ದೂ ಅಮಾವಾಸ್ಯೆಯಂದೇ. ಕ್ಲೀನಿಂಗ್‌ಗೆ ಮಾತ್ರ ಬರುವವರು ಅವತ್ತೂ ಬರುತ್ತಾರೆ, ಅವರಿಗೆ ಕೀಳಿಸುವ ಭಯ ಇಲ್ಲವಲ್ಲ.